ಮಸಾಲೆ ಕಿತ್ತ ತಪ್ಪಿಗೆ

"ಪಕ್ಕದ ಅಜ್ಜಿ ಬಂದು ಪಾಯದ ಗುಂಡಿಯೊಳಗೆ ಕೂತುಬಿಟ್ಟಿದ್ದಾರೆ, ಏಳಿ ಅಂದರೆ ಏಳುತ್ತಿಲ್ಲ." ಮೇಸ್ತ್ರಿಯ ಫೋನು ಬಂದಾಗ ನಾನು ಮೋಶಿ ಪೇಟೆಯಲ್ಲಿ ಸಿಮೆಂಟಿನ ಬೆಲೆ ಚೌಕಾಸಿ ಮಾಡುತ್ತಿದ್ದೆ. ಯಾಕಂತೆ ಅಂದೆ. "ನಾವು ಮಸಾಲೆ ಕಿತ್ತುಹಾಕಿದ್ದೀವಂತೆ" ಅಂದ.

ವ್ಯವಹಾರಕ್ಕೆ ಬೇಕಾದಷ್ಟು ಸ್ವಾಹಿಲಿ ನನಗೆ ಬರುತ್ತದೆ. ಆದರೂ ತುಮಕೂರು ಸೀಮೆಯವನಿಗೆ ಮಸಾಲೆ ಅಂದರೆ ಮೊದಲು ನೆನಪಾಗುವುದು ದೋಸೆ, ಆಮೇಲೆ ಉಳಿದದ್ದು. ಅಜ್ಜಿ ಏನೋ ಮೆಣಸಿನ ಗಿಡವೋ ಕೊತ್ತಂಬರಿ ಮಡಿಯೋ ಹಾಕಿಕೊಂಡಿದ್ದರು, ನಮ್ಮ ಲಾರಿ ಹತ್ತಿಬಿಟ್ಟಿರಬೇಕು, ನಾಲ್ಕು ಕಾಸು ಕೊಟ್ಟರೆ ಮುಗಿಯಿತು ಎಂದುಕೊಂಡು ಬಸ್ಸು ಹತ್ತಿದೆ. ಸ್ಥಳಕ್ಕೆ ಹೋದ ಮೇಲೆ ಗೊತ್ತಾಯಿತು, ನಾಲ್ಕು ಕಾಸಿನಲ್ಲಿ ಮುಗಿಯುವ ವಿಷಯ ಅಲ್ಲ. ನಾನು ಕಿತ್ತದ್ದು ಎರಡು ಮನೆತನಗಳ ಗಡಿ.

ಮೋಶಿ ಇರುವುದು ತಾಂಜಾನಿಯಾದ ಉತ್ತರಕ್ಕೆ, ಕಿಲಿಮಂಜಾರೊ ಬೆಟ್ಟದ ಬುಡದಲ್ಲಿ. 5,895 ಮೀಟರ್ ಎತ್ತರದ ಆ ಬೆಟ್ಟ ದಿನಕ್ಕೆ ಎರಡು ಸಲ ಮಾತ್ರ ಮೋಡ ಸರಿಸಿ ಮುಖ ತೋರಿಸುತ್ತದೆ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಅದರ ಇಳಿಜಾರಿನ ತುಂಬ ಚಗ್ಗಾ ಜನರ ತೋಟಗಳು. ಅದಕ್ಕೆ ಕಿಹಂಬ ಅನ್ನುತ್ತಾರೆ. ಮೇಲೆ ಬಾಳೆ, ಕೆಳಗೆ ಕಾಫಿ, ಅದರ ಕೆಳಗೆ ಗೆಣಸಿನ ಜಾತಿಯ ಗಡ್ಡೆ, ನಡುವೆ ಮನೆ, ಮನೆ ಪಕ್ಕ ಹಿರಿಯರ ಸಮಾಧಿ. ಬೆಟ್ಟದ ನೀರನ್ನು ಕೈಯಲ್ಲಿ ತೋಡಿದ ಕಾಲುವೆಗಳು ತೋಟದಿಂದ ತೋಟಕ್ಕೆ ಇಳಿಸಿಕೊಂಡು ಬರುತ್ತವೆ. ಜರ್ಮನರು ಈ ಸೀಮೆಗೆ ಕಾಲಿಡುವ ಮೊದಲೇ ಆ ಕಾಲುವೆಗಳು ಇದ್ದವು. ಮೊದಲ ಸಲ ನೋಡಿದಾಗ ಮಲೆನಾಡಿನ ಯಾವುದೋ ನೆಂಟರ ಮನೆಯ ಹಿತ್ತಲಿಗೆ ಬಂದಹಾಗಾಗಿತ್ತು.

ಇಲ್ಲಿ ನನ್ನಂಥವನು ಜಮೀನಿನ ಒಡೆಯ ಆಗುವ ಹಾಗಿಲ್ಲ. ದೇಶದ ಭೂಮಿಯೆಲ್ಲ ಸಾರ್ವಜನಿಕರದ್ದು, ರಾಷ್ಟ್ರಾಧ್ಯಕ್ಷರು ಅದರ ಟ್ರಸ್ಟಿ ಅಷ್ಟೆ. ವಿದೇಶಿಗನಿಗೆ ಸಿಕ್ಕಿದರೆ ಹೂಡಿಕೆಯ ಉದ್ದೇಶಕ್ಕೆ ಮಾತ್ರ, ಅದಕ್ಕೂ ಬೇರೆಯೇ ದಾರಿ. 1999ರ ಭೂ ಕಾಯಿದೆಯಲ್ಲಿ ಇದು ಸ್ಪಷ್ಟವಾಗಿದೆ. ಊರಲ್ಲಿ ಇದನ್ನು ಹೇಳಿದರೆ "ಅಯ್ಯೋ, ಎಂಥ ದೇಶವೋ" ಅನ್ನುತ್ತಾರೆ. ರೈತನಲ್ಲದವನು ಕೃಷಿ ಜಮೀನು ಕೊಳ್ಳುವ ಹಾಗಿಲ್ಲ ಎಂಬ ಕಾನೂನು 2020ರವರೆಗೂ ನಮ್ಮಲ್ಲೇ ಇತ್ತು ಅನ್ನುವುದು ಅವರಿಗೆ ಮರೆತೇ ಹೋಗಿದೆ. ಹಾಗಾಗಿ ಜಮೀನು ನನ್ನ ಪಾಲುದಾರನದು, ಅವನ ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಅವನಿಗೆ ಬಂದದ್ದು. ಟಾರು ರಸ್ತೆಯ ಪಕ್ಕದ ಆ ತುಂಡಿನಲ್ಲಿ ಬೆಣ್ಣೆಹಣ್ಣು ತಂದು ವಿಂಗಡಿಸುವ ಶೆಡ್ಡು, ಹಿಂದೆ ನಾನು ಉಳಿಯಲು ಎರಡು ಕೋಣೆ. ಸಾಮಾನು, ಕೂಲಿ, ಓಡಾಟ ನನ್ನ ಪಾಲಿನದು.

ಕಟ್ಟುತ್ತೇನೆ ಅಂದಾಗಲೇ ಪೇಟೆಯ ಗುಜರಾತಿ ಮುದುಕರೊಬ್ಬರು "ಬೇಡ ಭಾಯ್, ಬಾಡಿಗೆಗಿರು" ಅಂದಿದ್ದರು. ಅವರಪ್ಪನ ಮಹಡಿ ಮನೆಯನ್ನು 1971ರಲ್ಲಿ ಸರಕಾರ ವಶಕ್ಕೆ ತೆಗೆದುಕೊಂಡಿತ್ತು. ಬಾಡಿಗೆಗೆ ಕೊಟ್ಟ, ಲಕ್ಷ ಶಿಲಿಂಗಿಗಿಂತ ಹೆಚ್ಚು ಬೆಲೆಯ ಕಟ್ಟಡಗಳನ್ನೆಲ್ಲ ರಾಷ್ಟ್ರೀಕರಣ ಮಾಡಿದ ವರ್ಷ ಅದು. ಹೆಚ್ಚು ಕಳೆದುಕೊಂಡವರು ಏಶ್ಯಾದವರೇ. ಐವತ್ತು ವರ್ಷ ಕಳೆದರೂ ಅವರು ಇಟ್ಟಿಗೆ ಕಂಡರೆ ಬೆದರುತ್ತಾರೆ. ನನ್ನ ಮನಸ್ಸಿನಲ್ಲಿದ್ದ ಹೆದರಿಕೆಯೂ ಅದೇ ಜಾತಿಯದು, ಸರಕಾರದ್ದು. ಪಕ್ಕದ ಅಜ್ಜಿಯ ಯೋಚನೆ ಕನಸಿನಲ್ಲೂ ಬಂದಿರಲಿಲ್ಲ.

ಮಸಾಲೆ ಅಂದರೆ ಒಂದು ಗಿಡ. ಒಂದಿದ್ದರೆ ಇಸಾಲೆ, ಹಲವಿದ್ದರೆ ಮಸಾಲೆ. ಬೆಂಗಳೂರಿನ ನರ್ಸರಿಗಳಲ್ಲಿ ಡ್ರಸೀನಾ ಅಂತ ಕುಂಡಕ್ಕೆ ಹಾಕಿ ಮಾರುತ್ತಾರಲ್ಲ, ಆಸ್ಪತ್ರೆಯ ವರಾಂಡದಲ್ಲಿ, ಬ್ಯಾಂಕಿನ ಬಾಗಿಲಲ್ಲಿ ಧೂಳು ಹಿಡಿದು ನಿಂತಿರುತ್ತದೆ, ಅದೇ. ನಾವು ಅದನ್ನು ಶೋ ಗಿಡ ಅಂದುಕೊಂಡಿದ್ದೇವೆ. ಚಗ್ಗಾ ಜನ ಅದನ್ನು ತೋಟದ ಗಡಿಗೆ ನೆಡುತ್ತಾರೆ, ಅದಕ್ಕೆ ಕೈಮುಗಿಯುವಷ್ಟು ಮರ್ಯಾದೆ ಕೊಡುತ್ತಾರೆ. ಕಲ್ಲು ಸಾಗಿಸುವ ಲಾರಿ ತಿರುಗಲು ಜಾಗ ಸಾಲದು ಅಂತ ನನ್ನ ಮೇಸ್ತ್ರಿ ಅಂಥ ಹನ್ನೊಂದು ಗಿಡ ಕಿತ್ತು ಗೊಬ್ಬರದ ಗುಂಡಿಗೆ ಎಸೆದಿದ್ದ. ಅವನು ಕರಾವಳಿಯ ತಾಂಗಾ ಕಡೆಯವನು, ಅವನಿಗೂ ಗೊತ್ತಿರಲಿಲ್ಲ. ಅಥವಾ ಗೊತ್ತಿಲ್ಲದ ಹಾಗೆ ಇದ್ದನೋ. ಪಾಲುದಾರ ಆ ವಾರ ದಾರ್ ಎಸ್ ಸಲಾಮಿಗೆ ಹೋಗಿದ್ದ.

ಅಜ್ಜಿ ಗುಂಡಿಯಲ್ಲಿ ಕಾಲು ಚಾಚಿಕೊಂಡು ಕೂತಿದ್ದರು. "ಶಿಕಮೋ ಬಿಬಿ" ಅಂದೆ. ಬಿಬಿ ಅಂದರೆ ಅಜ್ಜಿ. ಶಿಕಮೋ ಅಂದರೆ ಕಾಲು ಹಿಡಿದೆ ಅಂತಲೇ ಮೂಲದ ಅರ್ಥವಂತೆ. ಎಂಥ ಸಿಟ್ಟಿನಲ್ಲಿದ್ದರೂ ಹಿರಿಯರು ಇದಕ್ಕೆ "ಮರಹಬಾ" ಅನ್ನಲೇಬೇಕು. ಅಂದರು. ಅಂದು ಮುಖ ತಿರುಗಿಸಿದರು. ಬೈಯಲಿಲ್ಲ, ಕೂಗಾಡಲಿಲ್ಲ, ಮಣ್ಣು ತೂರಲಿಲ್ಲ. ನಮ್ಮೂರಿನ ಬದು ಜಗಳ ನೋಡಿ ಬೆಳೆದ ನನಗೆ ಇದು ಜಗಳವೇ ಹೌದೋ ಅಲ್ಲವೋ ಅನ್ನಿಸಿಬಿಟ್ಟಿತು.

ಸಂಜೆ ಬಲೋಜಿ ಬಂದ. ಬಲೋಜಿ ಎಂದರೆ ರಾಯಭಾರಿ. ವಿದೇಶದಲ್ಲಿ ಕೂರುವ ರಾಯಭಾರಿಗೂ ಅದೇ ಪದ, ಹತ್ತು ಮನೆಗೊಬ್ಬನಂತೆ ಇರುವ ಈ ಹಿರಿಯನಿಗೂ ಅದೇ ಪದ. ಕೆಲಸ ನಿಲ್ಲಿಸು, ಶನಿವಾರ ಬರಾಜಾ ಸೇರುತ್ತದೆ ಅಂದ. ಬರಾಜಾ ಅಂದರೆ ಪಂಚಾಯ್ತಿ. ಗ್ರಾಮಕ್ಕೊಂದು ಭೂ ಪಂಚಾಯ್ತಿ ಇರಬೇಕು, ಏಳು ಜನ, ಅದರಲ್ಲಿ ಮೂರು ಜನವಾದರೂ ಹೆಂಗಸರು, ಅಂತ ಇಲ್ಲಿನ ಗ್ರಾಮ ಭೂಮಿ ಕಾಯಿದೆಯೇ ಹೇಳುತ್ತದೆ. ತೀರ್ಪು ಕೊಡುವುದಲ್ಲ, ಒಪ್ಪಿಸುವುದು ಅವರ ಕೆಲಸ.

ಶನಿವಾರ ನಾನು ಹೋದದ್ದು ಹೇಗೆ ಗೊತ್ತೇ? ಫೈಲು ತೆಗೆದುಕೊಂಡು. ಪ್ಲಾಸ್ಟಿಕ್ ಕವರಿನಲ್ಲಿ ನಕ್ಷೆ, ಮೂರು ಪ್ರತಿ ಜೆರಾಕ್ಸು, ಫೋನಿನಲ್ಲಿ ಜಿಪಿಎಸ್ ಗುರುತು, ಗಿಡ ಕೀಳುವ ಮೊದಲಿನ ಫೋಟೊ, ಕಿತ್ತ ಮೇಲಿನ ಫೋಟೊ. ತಾಲ್ಲೂಕು ಕಚೇರಿ ಕಂಡವನ ಮಗ ನಾನು. ದೊಡ್ಡ ಬೆಣ್ಣೆಹಣ್ಣಿನ ಮರದ ಕೆಳಗೆ ಬೆಂಚು ಹಾಕಿದ್ದರು. ಐದು ಜನ ಬಂದಿದ್ದರು, ಇಬ್ಬರು ಹೆಂಗಸರು. ನಾನು ಫೈಲು ಮುಂದಿಟ್ಟೆ. ಹಿರಿಯರೊಬ್ಬರು ಗಾಳಿಗೆ ಹಾರಿಹೋಗದಿರಲಿ ಅಂತ ಅದರ ಮೇಲೊಂದು ಕಲ್ಲಿಟ್ಟರು. ಅಷ್ಟೇ. ಸಭೆ ಮುಗಿಯುವವರೆಗೂ ಆ ಕಲ್ಲನ್ನು ಯಾರೂ ಎತ್ತಲಿಲ್ಲ.

ಅವರು ಕೇಳಿದ ಮೊದಲ ಪ್ರಶ್ನೆ, ಗಿಡ ನೆಟ್ಟವರು ಯಾರು? ಎಂಬತ್ತು ದಾಟಿದ ಒಬ್ಬ ಮುದುಕ ಎದ್ದು ನಿಂತ. ನನ್ನ ಪಾಲುದಾರನ ಅಜ್ಜನೂ ಈ ಬಿಬಿಯ ಮಾವನೂ ಒಮ್ಮೆ ಕಾಲುವೆ ನೀರಿನ ಸರದಿಗೆ ಹೊಡೆದಾಡಿಕೊಂಡರಂತೆ. ರಾಜಿಯಾದ ದಿನ ಇಬ್ಬರೂ ಸೇರಿ ನೆಟ್ಟ ಸಾಲು ಅದು. "ನಾನು ಇಷ್ಟುದ್ದ ಇದ್ದೆ. ಬಾಳೆ ಎಲೆಯಲ್ಲಿ ಮಾಂಸ ಕೊಟ್ಟಿದ್ದರು" ಅಂದ. ಎಲ್ಲರೂ ಎದ್ದು ಗಡಿ ನಡೆದೆವು. ಬಗ್ಗಿ ಬಗ್ಗಿ ನೋಡಿದರು, ಕಿತ್ತ ಗುಳಿ ಹುಡುಕಿದರು, ಎರಡು ಕಡೆ ಬೇರು ಉಳಿದಿತ್ತು. ಆ ಎರಡು ಬೇರಿಗೆ ದಾರ ಕಟ್ಟಿ ಎಳೆದಾಗ ನನ್ನ ಪಾಯ ಒಂದು ತುದಿಯಲ್ಲಿ ಮೂರೂವರೆ ಅಡಿ ಅಜ್ಜಿಯ ಕಡೆಗೆ ಹೋಗಿತ್ತು.

ರಾತ್ರಿ ಮನೆಗೆ ಬಂದು ಆ ಫೈಲನ್ನು ನಾನೇ ಬಿಚ್ಚಿ ನೋಡಿದೆ. ನಕ್ಷೆಯಲ್ಲಿದ್ದ ಗೆರೆಯೂ ಅಲ್ಲೇ ಇತ್ತು. ಮೇಸ್ತ್ರಿ ತಪ್ಪು ಗೂಟದಿಂದ ಅಳತೆ ಹಿಡಿದಿದ್ದ. ನನ್ನ ಕಾಗದ ನನ್ನ ವಿರುದ್ಧವೇ ಸಾಕ್ಷಿ ಹೇಳುತ್ತಿತ್ತು. ಅದರ ಮೇಲೆ ಕಲ್ಲಿಟ್ಟ ಹಿರಿಯರು ನನ್ನ ಮಾನವನ್ನೇ ಉಳಿಸಿದ್ದರು.

ತೀರ್ಮಾನ ಇಷ್ಟು: ಪಾಯ ಹಿಂದಕ್ಕೆ ಸರಿಸುವುದು. ಹನ್ನೊಂದು ಗಿಡ ಮತ್ತೆ ನೆಡುವುದು. ಸೇರಿದವರಿಗೆಲ್ಲ ಒಂದು ಡ್ರಮ್ಮು ಎಂಬೆಗೆ ಕುಡಿಸುವುದು. ಎಂಬೆಗೆ ಅಂದರೆ ಬಾಳೆಹಣ್ಣು ಬೇಯಿಸಿ, ಮೊಳಕೆ ಕಟ್ಟಿದ ರಾಗಿ ಹಿಟ್ಟು ಸೇರಿಸಿ ಹುಳಿಯಲು ಬಿಟ್ಟ ಇಲ್ಲಿನ ಹೆಂಡ. ಹೌದು, ನಮ್ಮ ರಾಗಿಯೇ. ನಮ್ಮ ಅನ್ನುವುದೂ ತಪ್ಪು. ರಾಗಿಯ ತವರು ಈ ಪೂರ್ವ ಆಫ್ರಿಕದ ಎತ್ತರದ ನಾಡು, ಸಾವಿರಾರು ವರ್ಷದ ಹಿಂದೆ ಇಲ್ಲಿಂದ ನಮ್ಮ ಹೊಲಕ್ಕೆ ಬಂದ ಸೊಸೆ ಅದು. ಸೋರೆ ಬುರುಡೆಯ ಬಟ್ಟಲಿನಲ್ಲಿ ಮೊದಲ ಗುಟುಕು ಕುಡಿದಾಗ ಅಡಿಯಲ್ಲಿ ಕೂತ ರಾಗಿಯ ವಾಸನೆಗೆ ಕಣ್ಣು ತುಂಬಿತು. ಹುಳಿಯಿಂದಲೂ ಇರಬಹುದು.

ಇನ್ನೊಂದು ಷರತ್ತು ಉಳಿದಿತ್ತು. ನಾನು ಒಂದು ಇಸಾಲೆ ಎಲೆಯನ್ನು ಗಂಟು ಹಾಕಿ ಅಜ್ಜಿಯ ಕೈಗೆ ಕೊಡಬೇಕು. ಈ ಎಲೆ ಹಿಡಿದು ಬಂದು ತಪ್ಪಾಯಿತು ಅಂದವನನ್ನು ವಾಪಸು ಕಳಿಸುವ ಹಾಗಿಲ್ಲ, ಎಂಥ ತಪ್ಪೇ ಮಾಡಿರಲಿ. ಅಷ್ಟು ಹೊತ್ತಿಗೆ ದಾರ್‌ನಿಂದ ಬಂದಿದ್ದ ಪಾಲುದಾರ ಗಂಟು ಹಾಕಿಕೊಟ್ಟ. ಎರಡೂ ಕೈಯಲ್ಲಿ ಹಿಡಿದು "ಸಮಹಾನಿ ಬಿಬಿ" ಅಂದೆ. ಅಜ್ಜಿ ಎಲೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಸೊಂಟದ ಕಾಂಗಾ ಬಟ್ಟೆಯ ಮಡಿಕೆಗೆ ಸಿಕ್ಕಿಸಿಕೊಂಡರು. ಚಗ್ಗಾ ಭಾಷೆಯಲ್ಲಿ ಏನೋ ಅಂದರು, ಎಲ್ಲರೂ ನಕ್ಕರು. ಏನಂದರು ಅಂತ ಪಾಲುದಾರ ಎರಡು ದಿನ ಬಿಟ್ಟು ಹೇಳಿದ: "ಇಷ್ಟೆತ್ತರ ಬೆಳೆದ ಗಂಡಸು, ಎಲೆ ಹಿಡಿಯೋಕೆ ಬರಲ್ಲ."

ಮಂಗಳವಾರ ಗುಂಡಿಯಲ್ಲಿ ಕೂತರು. ಶನಿವಾರ ಮಧ್ಯಾಹ್ನ ಒಂದೇ ಬುರುಡೆಯಲ್ಲಿ ಕುಡಿದೆವು. ಐದು ದಿನ.

ನಮ್ಮೂರಲ್ಲಿ ಒಂದು ಬದುವಿದೆ. ಆರಡಿ ಅಗಲ, ಇನ್ನೂರು ಅಡಿ ಉದ್ದ, ಲೆಕ್ಕ ಹಾಕಿದರೆ ಒಂದು ಗುಂಟೆಗಿಂತ ಚೂರು ಹೆಚ್ಚು. ಅದರ ಮೇಲೆ ಮೂರು ತೆಂಗಿನ ಮರ. ನಮ್ಮಪ್ಪನಿಗೂ ದೊಡ್ಡಪ್ಪನಿಗೂ 1991ರಲ್ಲಿ ಆ ಬದುವಿಗೆ ದಾವೆ ಬಿತ್ತು. ನಮ್ಮ ಕಡೆಯವರು ಹದ್ದುಬಸ್ತು ಮಾಡಿಸಿದರೆ ಬದು ನಮ್ಮದಾಗುತ್ತಿತ್ತು, ಅವರ ಕಡೆಯವರು ಮಾಡಿಸಿದರೆ ಅವರದ್ದು. ತಡೆಯಾಜ್ಞೆ, ತೆರವು, ಮತ್ತೆ ತಡೆಯಾಜ್ಞೆ. ಮೂರು ಮರದಲ್ಲಿ ಒಂದಕ್ಕೆ ಸಿಡಿಲು ಹೊಡೆಯಿತು, ಇನ್ನೊಂದಕ್ಕೆ ನುಸಿ ಬಂತು. ನಮ್ಮಪ್ಪ ತೀರಿಕೊಂಡರು, ದೊಡ್ಡಪ್ಪನೂ ಹೋದರು. ಈಗ ವಾರಸುದಾರರು ಅಂತ ನಮ್ಮ ಹೆಸರು ಸೇರಿಸಿದ್ದಾರೆ. ಕಿಲಿಮಂಜಾರೊ ಬುಡದಲ್ಲಿ ಕೂತ ನಾನು ಆ ಬದುವಿನ ಎರಡನೇ ತಲೆಮಾರಿನ ಕಕ್ಷಿದಾರ. ವಕೀಲರ ಮಗ ಈಗ ವಕೀಲ. ಅವರದ್ದೂ ಎರಡನೇ ತಲೆಮಾರು, ಅವರಿಗೆ ಬೇಸರವಿಲ್ಲ.

ದೊಡ್ಡಪ್ಪನ ಮನೆಯವರೂ ನಾವೂ ಮೂವತ್ತು ವರ್ಷ ಮಾತಾಡಲಿಲ್ಲ. ಸೂತಕ ಮಾತ್ರ ಇಬ್ಬರಿಗೂ ಒಂದೇ. ಅವರ ಮನೆಯಲ್ಲಿ ಹೆತ್ತರೆ ನಾವು ದೇವರ ಮನೆಗೆ ಹೋಗುವ ಹಾಗಿಲ್ಲ, ನಮ್ಮ ಮನೆಯಲ್ಲಿ ಸತ್ತರೆ ಅವರು ಹಬ್ಬ ಮಾಡುವ ಹಾಗಿಲ್ಲ. ಆದರೆ ಬದುವಿನ ಮೇಲೆ ಎದುರು ಸಿಕ್ಕರೆ ಉಗುಳಿ ಹೋಗುವುದು. ನಮ್ಮಪ್ಪ ಕೊನೆಯ ದಿನಗಳಲ್ಲಿ ಮಂಚದ ಮೇಲೆ ಮಲಗಿ "ಅಣ್ಣಯ್ಯ ಬಂದಿದ್ದನಾ?" ಅಂತ ಕೇಳುತ್ತಿದ್ದರು. ದೊಡ್ಡಪ್ಪ ನಮ್ಮ ಬೀದಿಯ ತಿರುವಿನವರೆಗೆ ಬಂದು ಎರಡು ಸಲ ವಾಪಸು ಹೋಗಿದ್ದರು ಎಂದು ಆಮೇಲೆ ಹಾಲಿನವನು ಹೇಳಿದ. ಬರಿಗೈಲಿ ಹೇಗೆ ಬರುವುದು? ಮೊದಲು ಮಾತಾಡಿಸಿದವನು ಸೋತಂತೆ. ಕೈಯಲ್ಲಿ ಹಿಡಿದು ಬರಲು ಒಂದು ಎಲೆ ಇದ್ದಿದ್ದರೆ ಅಂತ ನನಗೆ ಆ ಶನಿವಾರದಿಂದ ಕೊರೆಯುತ್ತಿದೆ. ಮದುವೆಗೆ, ನಾಮಕರಣಕ್ಕೆ, ಗೊಡ್ಡು ಗೃಹಪ್ರವೇಶಕ್ಕೂ ನಮ್ಮಲ್ಲಿ ಎಲೆ ಅಡಿಕೆ ಇಡುತ್ತೇವೆ. ವೀಳ್ಯ ಕೊಟ್ಟು ಯುದ್ಧಕ್ಕೂ ಕರೆದಿದ್ದೇವೆ. ತಪ್ಪಾಯ್ತು ಅನ್ನಲು ಮಾತ್ರ ಯಾವ ಎಲೆಯನ್ನೂ ಇಟ್ಟುಕೊಳ್ಳಲಿಲ್ಲ.

ಇಲ್ಲಿ ಬುಡಕಟ್ಟಿನ ದೊರೆಗಳ ಅಧಿಕಾರವನ್ನು ಸರಕಾರ 1963ರಲ್ಲಿ ತೆಗೆಯಿತು. ನಮ್ಮಲ್ಲಿ ಪಟೇಲ, ಶಾನುಭೋಗರ ಹುದ್ದೆ ಹೋದದ್ದೂ ಅದೇ 1963ರಲ್ಲೇ. ದೊರೆ ಹೋದ ಮೇಲೂ ಇವರು ಮರದ ಕೆಳಗೆ ಬೆಂಚು ಉಳಿಸಿಕೊಂಡರು. ನಾವು ಪಟೇಲರ ಜತೆ ಅರಳಿಕಟ್ಟೆಯನ್ನೂ ಬಿಟ್ಟೆವು. ಕಟ್ಟೆಯ ಮೇಲೆ ಈಗ ಇಸ್ಪೀಟು ಆಡುತ್ತಾರೆ. ಪಹಣಿ ಕಂಪ್ಯೂಟರಿನಲ್ಲಿ ಬರುತ್ತದೆ, ಭೂಮಿ ಯೋಜನೆಯನ್ನು ನೋಡಲು ಹೊರದೇಶದವರೆಲ್ಲ ಬಂದು ಹೋದರು ಅಂತ ಹೆಮ್ಮೆ ಬೇರೆ. ಬಂದಿರಬಹುದು. ಪಹಣಿಯಲ್ಲಿ ಸಾಲ ಇದೆ, ಬೆಳೆ ಇದೆ, ಆ ತೆಂಗು ನೆಟ್ಟದ್ದು ಯಾರು ಅಂತ ಇಲ್ಲ. ಊರಲ್ಲಿ ಅದು ಗೊತ್ತಿದ್ದದ್ದು ಒಬ್ಬ ತಳವಾರ ಅಜ್ಜನಿಗೆ. ಅವನನ್ನು ಯಾರೂ ಸಾಕ್ಷಿಗೆ ಕರೆಯಲಿಲ್ಲ. ಕೋರ್ಟಿನಲ್ಲಿ ಅವನು ತಡವರಿಸುತ್ತಾನೆ ಅಂತ ನಮ್ಮ ವಕೀಲರು ಬೇಡ ಅಂದರು. ಅವರ ವಕೀಲರೂ ಬೇಡ ಅಂದಿದ್ದರಂತೆ.

ಈ ಕಥೆಯನ್ನು ಹೋದ ತಿಂಗಳು ಫೋನಿನಲ್ಲಿ ಅಕ್ಕನಿಗೆ ಹೇಳಿದೆ. ಅಕ್ಕ ಪೂರ್ತಿ ಕೇಳಿದಳು. ಆಮೇಲೆ ಒಂದೇ ಪ್ರಶ್ನೆ: "ಆ ಅಜ್ಜಿಗೆ ಹೆಣ್ಣು ಮಕ್ಕಳಿಲ್ವಾ?"

ಇದ್ದಾರೆ, ಮೂವರು. ಅವರ ಮಾತೇ ಅಂದು ಬರಲಿಲ್ಲ. ಚಗ್ಗಾ ಪದ್ಧತಿಯಲ್ಲಿ ಕಿಹಂಬ ಹೋಗುವುದು ಗಂಡು ಮಕ್ಕಳಿಗೆ, ಅದರಲ್ಲೂ ಹಿರಿಯನಿಗೆ ಮತ್ತು ಕಿರಿಯನಿಗೆ. ಅಪ್ಪ ಅಮ್ಮ ಇದ್ದ ಮನೆ ಕಿರಿಯನಿಗೆ. ಕಾನೂನು ಗಂಡಿಗೂ ಹೆಣ್ಣಿಗೂ ಸಮ ಅನ್ನುತ್ತದೆ, ತೋಟ ಅನ್ನುವುದಿಲ್ಲ. ಬಿಬಿ ಗುಂಡಿಯಲ್ಲಿ ಕೂತದ್ದಕ್ಕೆ ಕಾರಣವೂ ನನಗೆ ನಿಧಾನವಾಗಿ ತಿಳಿಯಿತು. ಇನ್ನೊಂದು ಬದಿಯಿಂದ ಮೈದುನನ ಮಕ್ಕಳು ಒತ್ತುತ್ತಿದ್ದಾರೆ. ಇರುವ ಒಬ್ಬ ಮಗ ಮ್ವಾಂಜಾದಲ್ಲಿ ಚಾಲಕ. ಗಂಡ ಸತ್ತ ಹೆಂಗಸಿಗೆ ಆ ಜಾಗದಲ್ಲಿ ಇರುವ ಹಕ್ಕಿಗೆ ಈ ಗಿಡದ ಸಾಲೇ ಪತ್ರ, ಇದೇ ಪಹಣಿ. ಅದನ್ನೇ ನಾನು ಗೊಬ್ಬರದ ಗುಂಡಿಗೆ ಹಾಕಿಸಿದ್ದೆ. ಮೈದುನನ ಮಕ್ಕಳ ಮೇಲೆ ದೂರು ಹೋದಾಗ ಇದೇ ಬರಾಜಾ ಐದು ದಿನದಲ್ಲಿ ಮುಗಿಸಲಿಲ್ಲ. ಅದು ವಾರ್ಡಿನ ನ್ಯಾಯಮಂಡಳಿಗೆ ಹೋಗಿ, 2021ರ ತಿದ್ದುಪಡಿಯಿಂದ ಅಲ್ಲಿಯೂ ತೀರ್ಪು ಕೊಡುವ ಅಧಿಕಾರ ಇಲ್ಲವಾಗಿ, ಈಗ ಜಿಲ್ಲಾ ನ್ಯಾಯಮಂಡಳಿಯಲ್ಲಿ ವಾಯಿದೆ ಮೇಲೆ ವಾಯಿದೆ ಎಣಿಸುತ್ತಿದೆ. ವಾಯಿದೆಗೆ ಹೋಗಿಬರುವ ಬಸ್ಸಿನ ದುಡ್ಡನ್ನು ಒಮ್ಮೊಮ್ಮೆ ನಾನೇ ಕೊಡುತ್ತೇನೆ. ತೋಟಗಳು ಮಕ್ಕಳಿಗೆ ಹಂಚಿ ಹಂಚಿ ಅಂಗೈಯಷ್ಟಾಗಿವೆ. ಮ್ಹಿಂಡಿ ಅಂದರೆ ಇಲ್ಲಿ ಭಾರತದವನು. ಹೊರಗಿನ ಮ್ಹಿಂಡಿಯ ಜತೆ ಎಲೆ ನಡೆಯುತ್ತದೆ, ದಾಯಾದಿ ಜತೆ ಇಲ್ಲೂ ಕಾಗದವೇ.

ಎಲೆ ಕೊಟ್ಟರೆ ಇಲ್ಲ ಅನ್ನುವ ಹಾಗಿಲ್ಲ ಅನ್ನುವುದನ್ನೂ ಅಕ್ಕ ಬಿಡಲಿಲ್ಲ. "ಅಂದ್ರೆ ಅವರಿಗೆ ಇಷ್ಟ ಇಲ್ದಿದ್ರೂ ಕ್ಷಮಿಸ್ಬೇಕು. ನಿನಗೆ ಸಲೀಸಾಯ್ತು ಅಷ್ಟೆ." ನಾನು ಹೌದು ಅನ್ನಲಿಲ್ಲ. ಆ ಐದು ಜನರಲ್ಲಿ ಇಬ್ಬರ ಮನೆಯ ಹುಡುಗರು ನಮ್ಮ ಶೆಡ್ಡಿನಲ್ಲಿ ಕೆಲಸಕ್ಕೆ ಬರುವವರಿದ್ದರು ಅನ್ನುವುದನ್ನು ಅವಳಿಗೆ ಹೇಳಲೂ ಇಲ್ಲ.

ನಮ್ಮ ಕೊಳೆತ ದಾವೆಯಲ್ಲಿ ಅಕ್ಕನ ಹೆಸರೂ ಇದೆ. ಹೆಣ್ಣು ಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಪಾಲು ಅಂತ ಕರ್ನಾಟಕದಲ್ಲಿ 1994ರಲ್ಲೇ ಕಾನೂನು ಜಾರಿಗೆ ಬಂತು, ದೇಶಕ್ಕೆಲ್ಲ ಬಂದದ್ದು 2005ರಲ್ಲಿ. ಅಕ್ಕನ ರುಜು ಇಲ್ಲದೆ ಆ ಬದುವಿನ ಒಂದು ಹಿಡಿ ಮಣ್ಣನ್ನೂ ಯಾರೂ ರಾಜಿ ಮಾಡುವ ಹಾಗಿಲ್ಲ. ಅರಳಿಕಟ್ಟೆಯ ಪಂಚಾಯ್ತಿಯಲ್ಲಿ ಅವಳನ್ನು ಕೂರಿಸುತ್ತಿದ್ದರೇ? ಬಾಗಿಲ ಹಿಂದೆ ನಿಂತು ಕಾಫಿ ಕಳಿಸು ಅನ್ನುತ್ತಿದ್ದರು. ಇಷ್ಟನ್ನು ಒಪ್ಪಿಕೊಳ್ಳುತ್ತೇನೆ. ಮೂವತ್ತು ವರ್ಷಕ್ಕೆ ಇಷ್ಟೇನಾ ಅಂತ ಕೇಳುವ ಹಕ್ಕನ್ನು ಮಾತ್ರ ಬಿಟ್ಟುಕೊಡುವುದಿಲ್ಲ.

ಶೆಡ್ಡು ಎದ್ದಿದೆ. ಮೂರೂವರೆ ಅಡಿ ಸರಿಸಿದ್ದರಿಂದ ಹಿಂದಿನ ಕೋಣೆಯಲ್ಲಿ ಮಂಚ ಹಾಕಿದರೆ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಬೆಳಿಗ್ಗೆ ಸ್ವಲ್ಪ ಹೊತ್ತು ಆ ಅರೆಬಾಗಿಲಲ್ಲೇ ಬೆಟ್ಟ ಕಾಣುತ್ತದೆ. ಮತ್ತೆ ನೆಟ್ಟ ಹನ್ನೊಂದು ಗಿಡದಲ್ಲಿ ಹತ್ತು ಚಿಗುರಿದವು, ಮೂಲೆಯದೊಂದು ಒಣಗಿತು. ಹೋದ ವಾರ ಮಳೆ ನಿಂತ ಮೇಲೆ ಬಿಬಿ ಗುದ್ದಲಿ ಹಿಡಿದು ಬಂದರು. "ಶಿಕಮೋ" ಅಂದೆ, "ಮರಹಬಾ" ಅಂದರು. ಒಣಗಿದ್ದನ್ನು ಕಿತ್ತು, ತಮ್ಮ ತೋಟದಿಂದ ಕಡಿದು ತಂದ ಹೊಸ ಕಡ್ಡಿಯನ್ನು ನೆಟ್ಟು, ಕಾಲಿನಿಂದ ಮಣ್ಣು ಒತ್ತಿ ಹೋದರು. ಹಳೆಯ ಗುಳಿಯಿಂದ ಅರ್ಧ ಅಡಿಯಷ್ಟು ನಮ್ಮ ಕಡೆಗೆ ಬಂದಿದೆ. ಟೇಪು ಒಳಗೆ ಕಿಟಕಿಯ ಮೇಲೇ ಇತ್ತು. ನಾನು ಚೊಂಬಿನಲ್ಲಿ ನೀರು ತಂದು ಅದರ ಬುಡಕ್ಕೆ ಹಾಕಿದೆ.